ಚೀಲ ಕಾಯುವವರು ಯಾರು?

ಸಂಸಾರ ಸಮೇತ ವಿನೋದ ಉದ್ಯಾನಕ್ಕೆ ಹೊರಡುವ ಮುನ್ನ ಯೋಚಿಸತಕ್ಕ ಕೆಲವು ಸಂಗತಿಗಳು

ಜಾತ್ರೆಗೆ ಹೋಗುವುದು ಹೇಗೆಂಬುದನ್ನು ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಜನರಿಗೆ ಯಾರೂ ಕಲಿಸಬೇಕಾಗಿಲ್ಲ. ಹೋಳಿ ಕಳೆದ ಐದನೆಯ ದಿನ ಕಲಬುರಗಿಯಲ್ಲಿ ಶರಣಬಸವೇಶ್ವರರ ತೇರು. ಮಾಘದ ಹುಣ್ಣಿಮೆಗೆ ಭೀಮಾ-ಅಮರ್ಜಾ ಸಂಗಮದ ಗಾಣಗಾಪುರದಲ್ಲಿ ದತ್ತಾತ್ರೇಯನ ಜಾತ್ರೆ. ಆಳಂದದಲ್ಲಿ ಲಾಡ್ಲೆ ಮಶಾಯಕರ ಉರುಸು. ಎಷ್ಟು ರೊಟ್ಟಿ ಬಡಿಯಬೇಕು, ಶೇಂಗಾದ ಹಿಂಡಿಯನ್ನು ಯಾವ ಡಬ್ಬಿಯಲ್ಲಿ ತುಂಬಬೇಕು, ಯಾವ ಗಿಡದ ನೆರಳಿನಲ್ಲಿ ಬುತ್ತಿ ಬಿಚ್ಚಬೇಕು, ಮಗು ಕೈತಪ್ಪಿದರೆ ಎಲ್ಲಿ ಹೋಗಿ ನಿಲ್ಲಬೇಕು ಎಂಬುದೆಲ್ಲ ಮನೆಯ ಹಿರಿಯಳ ನಾಲಗೆಯ ತುದಿಯಲ್ಲಿಯೇ ಇರುತ್ತದೆ. ತಲೆಮಾರುಗಳಿಂದ ಬಂದ ವಿದ್ಯೆ ಅದು.

ಆದರೆ ಈಗಿನ ಮಕ್ಕಳು ಬೇರೊಂದು ಜಾತ್ರೆಯ ಹೆಸರನ್ನು ಹೇಳತೊಡಗಿದ್ದಾರೆ. ಹೈದರಾಬಾದಿನ ಹೊರವಲಯದ ರಾವಿರ್ಯಾಲದಲ್ಲಿ 2016ರಲ್ಲಿ ತೆರೆದ ವಂಡರ್‌ಲಾ ಉದ್ಯಾನದ ಚಿತ್ರಗಳು ಮನೆಮನೆಯ ಮೊಬೈಲಿನಲ್ಲಿವೆ. ತರಗತಿಯಲ್ಲಿ ಒಬ್ಬ ಹುಡುಗ ಹೋಗಿ ಬಂದನೆಂದರೆ ಸಾಕು, ಉಳಿದ ಮೂವತ್ತು ಮನೆಗಳಲ್ಲಿ ಹಟ ಆರಂಭವಾಗುತ್ತದೆ. ತೊಗರಿ ಮಾರಿ ಬಂದ ಹಣದಲ್ಲಿಯೋ, ಸಂಬಳದಲ್ಲಿ ತಿಂಗಳು ತಿಂಗಳು ಮಿಗಿಸಿದ ಹಣದಲ್ಲಿಯೋ ತಂದೆ ಕೊನೆಗೊಮ್ಮೆ ಒಪ್ಪುತ್ತಾನೆ. ಈ ಜಾತ್ರೆಯ ರೀತಿ ನೀತಿಗಳು ಮಾತ್ರ ಅಜ್ಜಿಗೂ ತಿಳಿಯವು, ಅಪ್ಪನಿಗೂ ತಿಳಿಯವು.

ಆಗ ನಡೆಯುವುದೇನೆಂಬುದನ್ನು ಊಹಿಸುವುದು ಕಷ್ಟವಲ್ಲ. ಅಜ್ಜಿ, ಗಂಡ, ಹೆಂಡತಿ, ಹನ್ನೊಂದು ವರ್ಷದ ಮಗಳು, ನಾಲ್ಕು ವರ್ಷದ ಮಗ, ಹೀಗೆ ಐವರ ಒಂದು ಸಂಸಾರವನ್ನು ಕಲ್ಪಿಸಿಕೊಳ್ಳಬಹುದು. ಮೇ ತಿಂಗಳ ಒಂದು ರವಿವಾರ ಅವರು ಉದ್ಯಾನದ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಬುತ್ತಿಯ ಗಂಟು ಒಳಗೆ ಹೋಗಕೂಡದೆಂದು ಕಾವಲಿನವನು ತಡೆಯುತ್ತಾನೆ. ಮಗಳು ಯಾವ ದೊಡ್ಡ ಆಟಕ್ಕಾಗಿ ಆರು ತಿಂಗಳು ಹಟ ಹಿಡಿದಿದ್ದಳೋ, ಆ ಆಟದ ಮುಂದಿನ ಅಳತೆಯ ಕಂಬಕ್ಕೆ ಎರಡು ಬೆರಳು ಕಡಿಮೆಯಾಗಿ ಹಿಂದಿರುಗುತ್ತಾಳೆ. ತಾಯಿ ನೂಲಿನ ಸೀರೆ ಉಟ್ಟಿದ್ದಾಳೆ. ನೀರಿಗೆ ಇಳಿಯಲು ಅದು ಸಲ್ಲದು. ಅಜ್ಜಿಗೆ ಬಿಸಿಲು ತಡೆಯದು. ಅತ್ತೆ ಸೊಸೆಯರಿಬ್ಬರೂ ಒಂದು ಬೆಂಚನ್ನು ಹುಡುಕಿ, ಐವರ ಚಪ್ಪಲಿ, ಐವರ ಚೀಲ, ಐವರ ಒಣಬಟ್ಟೆಗಳನ್ನು ಕಾಯುತ್ತ ಸಾಯಂಕಾಲದವರೆಗೆ ಕುಳಿತುಕೊಳ್ಳುತ್ತಾರೆ. ಟಿಕೆಟ್ಟು ಮಾತ್ರ ಎಲ್ಲರಿಗೂ ಕೊಂಡದ್ದೇ.

ಇಂಥ ದಿನವನ್ನು ಯಾರೂ ಹಾಳೆಂದು ಹೇಳುವುದಿಲ್ಲ. ಮಕ್ಕಳು ಆಡಿದರಲ್ಲ, ಅಷ್ಟೇ ಸಾಕು ಎಂದು ತಾಯಿಯೇ ಹೇಳುತ್ತಾಳೆ. ಆದರೆ ವರ್ಷಕ್ಕೊಮ್ಮೆ, ಕೆಲವರಿಗೆ ಜನ್ಮಕ್ಕೊಮ್ಮೆ ಒದಗುವ ವಿಹಾರದಲ್ಲಿ ಮನೆಯ ಅರ್ಧ ಜನ ಚೀಲ ಕಾಯುವುದು ಅನಿವಾರ್ಯವೆ? ಖಂಡಿತ ಅಲ್ಲ. ಅದಕ್ಕೆ ಬೇಕಾದದ್ದು ಹೆಚ್ಚಿನ ಹಣವಲ್ಲ. ಹೊರಡುವ ಮುನ್ನ ಒಂದು ಸಂಜೆಯ ವಿಚಾರ.

ಜಾತ್ರೆಗೂ ಉದ್ಯಾನಕ್ಕೂ ಇರುವ ಭೇದ

ಮೊದಲು ತಿಳಿಯತಕ್ಕದ್ದು ಈ ಭೇದವನ್ನು. ಜಾತ್ರೆಯೊಳಗೆ ಕಾಲಿಡಲು ಹಣ ಬೇಕಿಲ್ಲ. ತಿರುಗುವ ತೊಟ್ಟಿಲಲ್ಲಿ ಕುಳಿತವನು ತೊಟ್ಟಿಲಿಗೆ ಕೊಡುತ್ತಾನೆ, ಕುಳಿತುಕೊಳ್ಳದವನು ಕೊಡುವುದಿಲ್ಲ. ಉದ್ಯಾನದಲ್ಲಿ ಹಾಗಲ್ಲ, ಇಡೀ ದಿನದ ಬೆಲೆಯನ್ನು ಬಾಗಿಲಲ್ಲಿಯೇ ತೆರಬೇಕು. ಒಳಗೆ ಹೋದ ಮೇಲೆ ಹತ್ತು ಆಟ ಆಡಿದರೂ ಅಷ್ಟೇ, ಒಂದೂ ಆಡದಿದ್ದರೂ ಅಷ್ಟೇ.

ಈ ಪದ್ಧತಿ ಎಲ್ಲ ಕಡೆಯೂ ಮೊದಲಿನಿಂದ ಇದ್ದದ್ದಲ್ಲ. ತಿರುಗುವ ತೊಟ್ಟಿಲಿನ ದೈತ್ಯರೂಪವನ್ನು ಜಗತ್ತು ಕಂಡದ್ದು 1893ರಲ್ಲಿ, ಅಮೆರಿಕದ ಷಿಕಾಗೋ ನಗರದ ಮಹಾ ಪ್ರದರ್ಶನದಲ್ಲಿ. ಫೆರಿಸ್ ಎಂಬ ಇಂಜಿನಿಯರನು ಕಟ್ಟಿದ ಆ ಚಕ್ರದ ಎತ್ತರ 264 ಅಡಿ. ಅದರ 36 ಪೆಟ್ಟಿಗೆಗಳಲ್ಲಿ ಒಂದೊಂದಕ್ಕೂ ಅರವತ್ತು ಜನ ಹಿಡಿಯುತ್ತಿದ್ದರು. ಒಂದು ಕಥೆಯ ಲೋಕವನ್ನೇ ಕಟ್ಟಿ ಅದರೊಳಗೆ ಜನರನ್ನು ತಿರುಗಾಡಿಸುವ ಉದ್ಯಾನಕ್ಕೆ ಮಾದರಿಯಾದದ್ದು 1955ರ ಜುಲೈ 17ರಂದು ಕ್ಯಾಲಿಫೋರ್ನಿಯದಲ್ಲಿ ತೆರೆದ ಡಿಸ್ನಿಲ್ಯಾಂಡ್. ಅಲ್ಲಿಯೂ ಮೊದಲು ಪ್ರವೇಶಕ್ಕೊಂದು ಹಣ, ಆಟಗಳಿಗೆ ಬೇರೆ ಚೀಟಿ ಎಂಬ ಜಾತ್ರೆಯ ಕ್ರಮವೇ ಇತ್ತು. ಆಟದ ಚೀಟಿಗಳ ಪುಸ್ತಕಗಳನ್ನು ಕೈಬಿಟ್ಟು ಎಲ್ಲಕ್ಕೂ ಒಂದೇ ಟಿಕೆಟ್ಟನ್ನು ಜಾರಿಗೆ ತಂದದ್ದು 1982ರಲ್ಲಿ. ನಮ್ಮ ದೇಶದಲ್ಲಿ ಇಂಥ ಉದ್ಯಾನ ಮೊದಲು ಬಂದದ್ದು ದಿಲ್ಲಿಗೆ. 1982ರ ಏಷ್ಯನ್ ಕ್ರೀಡೆಗಳ ಲಾಂಛನವಾಗಿದ್ದ ಆನೆಮರಿಯ ಹೆಸರಿನಲ್ಲಿ 1984ರಲ್ಲಿ ತೆರೆದ ಅಪ್ಪೂ ಘರ್ 2008ರಲ್ಲಿ ಮುಚ್ಚಿತು. ಕೊಚ್ಚಿಯಲ್ಲಿ 2000ದಲ್ಲಿ ವೀಗಾಲ್ಯಾಂಡ್ ಎಂಬ ಹೆಸರಿನಿಂದ ಆರಂಭವಾದ ಸಂಸ್ಥೆಯೇ 2005ರಲ್ಲಿ ಬೆಂಗಳೂರಿನ ಸಮೀಪ ಬಿಡದಿಗೂ, ಅನಂತರ ಹೈದರಾಬಾದಿಗೂ ಬಂದಿತು.

ಈ ಭೇದದಿಂದ ಹುಟ್ಟುವ ಪಾಠ ಸರಳವಾದದ್ದು. ಟಿಕೆಟ್ಟು ಕೊಳ್ಳುವ ಮೊದಲು ಮನೆಯ ಪ್ರತಿಯೊಬ್ಬರ ಹೆಸರಿನ ಮುಂದೆ ಅವರು ಮಾಡಬಹುದಾದ ಆಟಗಳನ್ನು ಬರೆಯಬೇಕು. ಯಾರ ಹೆಸರಿನ ಮುಂದೆ ಏನೂ ಬರೆಯಲಾಗದೋ ಅವರನ್ನು ಕುರಿತು ಇನ್ನೊಮ್ಮೆ ಯೋಚಿಸಬೇಕು. ಅವರನ್ನು ಮನೆಯಲ್ಲಿ ಬಿಟ್ಟು ಹೋಗುವ ಯೋಚನೆಯಲ್ಲ ಅದು; ಅವರಿಗೂ ಒಪ್ಪುವ ಸ್ಥಳವನ್ನು ಆರಿಸುವ ಯೋಚನೆ.

ಆಡುವ ಊರೆ, ನೋಡುವ ಊರೆ?

ಹೈದರಾಬಾದಿನಲ್ಲಿ ಎರಡು ಬಗೆಯ ತಾಣಗಳುಂಟು. ವಂಡರ್‌ಲಾ ಆಡುವ ಊರು. ಮೈ ಒದ್ದೆಯಾಗಬೇಕು, ಹೊಟ್ಟೆ ಜುಮ್ಮೆನ್ನಬೇಕು. ವಿಜಯವಾಡದ ರಸ್ತೆಯಲ್ಲಿರುವ ರಾಮೋಜಿ ಫಿಲ್ಮ್ ಸಿಟಿ ಹೆಚ್ಚಾಗಿ ನೋಡುವ ಊರು. 1996ರಲ್ಲಿ ರಾಮೋಜಿರಾಯರು ಸ್ಥಾಪಿಸಿದ, ಸುಮಾರು 1,666 ಎಕರೆ ವಿಸ್ತಾರದ ಈ ಚಿತ್ರನಗರಿ ಜಗತ್ತಿನ ಅತಿ ದೊಡ್ಡ ಚಲನಚಿತ್ರ ಸ್ಟುಡಿಯೋ ಎಂದು ಗಿನ್ನೆಸ್ ದಾಖಲೆಗೆ ಸೇರಿದೆ. ಅಲ್ಲಿ ಬಸ್ಸಿನಲ್ಲಿ ಕುಳಿತು ಅರಮನೆ, ಬೀದಿ, ನಿಲ್ದಾಣಗಳ ನಿರ್ಮಿತ ದೃಶ್ಯಗಳನ್ನು ನೋಡುತ್ತ ಸಾಗಬಹುದು. ಮೊಣಕಾಲು ನೋವಿನ ಹಿರಿಯರು, ಬಸುರಿಯರು, ಎತ್ತರದ ಆಟಗಳಿಗೆ ಇನ್ನೂ ಬೆಳೆಯದ ಕೂಸುಗಳು ಇರುವ ಮನೆಗೆ ಈ ಎರಡನೆಯದು ಹೆಚ್ಚು ಒಪ್ಪುತ್ತದೆ. ಹನ್ನೆರಡು ದಾಟಿದ ಮಕ್ಕಳೇ ಹೆಚ್ಚಿರುವ ಮನೆಗೆ ಮೊದಲನೆಯದು. ಎರಡನ್ನೂ ಒಂದೇ ದಿನ ನೋಡಿಬಿಡುವೆನೆಂಬ ಉತ್ಸಾಹ ಮಾತ್ರ ಬೇಡ. ಒಂದೊಂದಕ್ಕೂ ಒಂದು ಪೂರ್ಣ ದಿನ ಸಾಲದು. ಬೆಂಗಳೂರಿನಲ್ಲಿ ಮಗಳೋ ತಮ್ಮನೋ ಇರುವವರು ಬಿಡದಿಯನ್ನೇ ಆರಿಸಿಕೊಂಡರೆ ವಸತಿಯ ಖರ್ಚು ಉಳಿಯುತ್ತದೆ.

ದಿನದ ಆಯ್ಕೆಯೂ ಅಷ್ಟೇ ಮುಖ್ಯ. ರವಿವಾರಕ್ಕಿಂತ ವಾರದ ನಡುವಿನ ದಿನ ಒಳ್ಳೆಯದು; ಸಾಲೂ ಚಿಕ್ಕದು, ದರವೂ ಅನೇಕ ವೇಳೆ ಕಡಿಮೆ. ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಉದ್ಯಾನ ತುಂಬುವುದು ತೆಲಂಗಾಣದ ಶಾಲೆಗಳ ರಜೆಯಿಂದ, ಕರ್ನಾಟಕದ ರಜೆಯಿಂದಲ್ಲ. ಸಂಕ್ರಾಂತಿ ಅಲ್ಲಿ ದೊಡ್ಡ ಹಬ್ಬ. ಆ ದಿನಗಳಲ್ಲಿ ಹೋಗದಿರುವುದೇ ಲೇಸು. ಕರ್ನಾಟಕದ ದಸರೆಯ ರಜೆ ಹಲವು ವರ್ಷಗಳಲ್ಲಿ ವಿಜಯದಶಮಿಯ ನಂತರವೂ ಕೆಲವು ದಿನ ಮುಂದುವರಿಯುತ್ತದೆ. ಅಲ್ಲಿಯ ಮಕ್ಕಳು ಶಾಲೆಗೆ ಮರಳಿದ, ನಮ್ಮ ಮಕ್ಕಳಿಗೆ ಇನ್ನೂ ರಜೆಯಿರುವ ಆ ನಾಲ್ಕಾರು ದಿನಗಳು ಪ್ರಶಸ್ತವಾದವು. ಬಿಸಿಲೂ ಆಗ ಇಳಿದಿರುತ್ತದೆ. ನಲವತ್ತು ಡಿಗ್ರಿ ದಾಟುವ ಮೇ ತಿಂಗಳ ಉರಿಯನ್ನು ಕಲಬುರಗಿ ಸೀಮೆಯವರಿಗೆ ವರ್ಣಿಸಬೇಕಾಗಿಲ್ಲ. ಆದರೆ ಆ ಉರಿಯಲ್ಲಿ ಒಂದೊಂದು ಆಟಕ್ಕೂ ಮುಕ್ಕಾಲು ತಾಸು ಸಾಲಿನಲ್ಲಿ ನಿಲ್ಲುವುದು ಬೇರೆಯೇ ಮಾತು.

ದಾರಿಯ ಲೆಕ್ಕ

ಈ ಮೂರು ತಾಲೂಕುಗಳಿಗೆ ಹೈದರಾಬಾದು ಹೊಸ ಊರಲ್ಲ. 1948ರ ಸೆಪ್ಟೆಂಬರ್ ತನಕ ಇವು ನಿಜಾಮರ ಸಂಸ್ಥಾನಕ್ಕೆ ಸೇರಿದ್ದವು. 1956ರ ನವೆಂಬರ್ 1ರಂದು ಮೈಸೂರು ರಾಜ್ಯವನ್ನು ಸೇರುವವರೆಗೂ ಹೈದರಾಬಾದೇ ರಾಜಧಾನಿ. ಅಜ್ಜಂದಿರು ಕಚೇರಿಯ ಕೆಲಸಕ್ಕಾಗಿ ಹೋಗುತ್ತಿದ್ದ ಊರಿಗೆ ಮೊಮ್ಮಕ್ಕಳು ಆಟಕ್ಕಾಗಿ ಹೋಗುತ್ತಿದ್ದಾರೆ.

ಆಳಂದ, ಜೇವರ್ಗಿಗಳಿಂದ ಕಲಬುರಗಿಗೆ ಸುಮಾರು 40 ಕಿಲೋಮೀಟರು. ಅಫಜಲಪುರದಿಂದ ಸುಮಾರು 60. ಅಲ್ಲಿಂದ ಹೈದರಾಬಾದಿಗೆ ಇನ್ನೂರಕ್ಕೂ ಮಿಕ್ಕಿ. ಸೊಲ್ಲಾಪುರ-ವಾಡಿ ಮಾರ್ಗದ ಮೇಲಿರುವ ಕಲಬುರಗಿಯಿಂದ ರೈಲಿನ ಅನುಕೂಲವುಂಟು. ಅಫಜಲಪುರ ತಾಲೂಕಿನ ಕೆಲವು ಊರುಗಳವರಿಗೆ ಗಾಣಗಾಪುರ ರೋಡ್ ನಿಲ್ದಾಣವೇ ಸಮೀಪ. ರೈಲಿನ ಕಾದಿರಿಸುವಿಕೆ 2024ರ ನವೆಂಬರಿನಿಂದ 60 ದಿನ ಮುಂಚಿತವಾಗಿ ಆರಂಭವಾಗುತ್ತದೆ. ಐದು ವರ್ಷ ತುಂಬದ ಮಗುವಿಗೆ, ಬೇರೆ ಆಸನ ಬೇಡವಾದರೆ, ಟಿಕೆಟ್ಟು ಬೇಕಿಲ್ಲ. ಐದರಿಂದ ಹನ್ನೆರಡರೊಳಗಿನ ಮಕ್ಕಳಿಗೆ ಮಲಗುವ ಸ್ಥಳ ಬೇಕೆಂದರೆ ಪೂರ್ತಿ ದರ.

ಬಸ್ಸಿನಲ್ಲಿ ಹೋಗುವವರು ಒಂದು ಮಾತನ್ನು ನೆನಪಿಡಬೇಕು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಂತೆ ಹೆಂಗಸರು ಊರಿನಿಂದ ಕಲಬುರಗಿಯವರೆಗೆ ಸಾಮಾನ್ಯ ಬಸ್ಸಿನಲ್ಲಿ ಉಚಿತವಾಗಿ ಬರಬಹುದು. ಗುರುತಿನ ಚೀಟಿ ಕೈಯಲ್ಲಿರಬೇಕು. ಹೈದರಾಬಾದಿನ ಅಂತರರಾಜ್ಯ ಬಸ್ಸಿಗೆ ಈ ಸೌಲಭ್ಯ ಅನ್ವಯಿಸದು. ಮನೆಯಲ್ಲಿ ಮೂವರು ಹೆಂಗಸರಿದ್ದರೆ ಈ ವ್ಯತ್ಯಾಸ ಸಣ್ಣದಲ್ಲ.

ಬಾಡಿಗೆಯ ವಾಹನ ಮಾಡುವವರ ದಾರಿ ಹುಮನಾಬಾದ್, ಜಹೀರಾಬಾದ್, ಸಂಗಾರೆಡ್ಡಿಗಳ ಮೇಲಿನದು. ನಗರದೊಳಗೆ ಹೋಗದೆ 158 ಕಿಲೋಮೀಟರು ಉದ್ದದ ಹೊರವರ್ತುಲ ರಸ್ತೆಯನ್ನು ಹಿಡಿದು, 13ನೆಯ ನಿರ್ಗಮನದಲ್ಲಿ ಇಳಿದರೆ ರಾವಿರ್ಯಾಲ. ಎರಡು ನೂರು ಮೈಲಿಗೆ ಹತ್ತಿರದ ಈ ಪಯಣವನ್ನು ಕೆಲವರು ನಸುಕಿನಲ್ಲಿ ಹೊರಟು ನಡುರಾತ್ರಿ ಮರಳುವ ಒಂದೇ ದಿನದ ಕೆಲಸವನ್ನಾಗಿ ಮಾಡುತ್ತಾರೆ. ಒಂದು ರಾತ್ರಿಯ ವಸತಿ ಉಳಿಯಿತೆಂಬುದು ಅವರ ಸಮಾಧಾನ. ಹಗಲೆಲ್ಲ ದುಡಿದ ಚಾಲಕನು ಹೆದ್ದಾರಿಯಲ್ಲಿ ಒಂದು ಕ್ಷಣ ಕಣ್ಣು ಮುಚ್ಚಿದರೆ ಆ ಉಳಿತಾಯದ ಗತಿಯೇನು? ಹಿಂದಿನ ದಿನವೇ ಹೋಗಿ ತಂಗುವುದು, ಮರುದಿನ ಆಡಿ ಅಲ್ಲಿಯೇ ಮಲಗುವುದು, ಮೂರನೆಯ ದಿನ ಬೆಳಕಿನಲ್ಲಿ ಮರಳುವುದು, ಇದೇ ಸರಿಯಾದ ಕ್ರಮ. ಎರಡು ರಾತ್ರಿಗಳ ವಸತಿಗೆ ಹಣ ಸಾಲದಿದ್ದರೆ ಪ್ರವಾಸವನ್ನು ನಾಲ್ಕು ತಿಂಗಳು ಮುಂದೂಡುವುದು ಅವಮಾನವಲ್ಲ.

ಗೋಡೆಯ ಮೇಲೊಂದು ಗೆರೆ

ಉದ್ಯಾನದಲ್ಲಿ ಮಕ್ಕಳ ವಯಸ್ಸನ್ನು ಕೇಳುವುದಕ್ಕಿಂತ ಎತ್ತರವನ್ನು ಅಳೆಯುವುದೇ ಹೆಚ್ಚು. ವಂಡರ್‌ಲಾ ಅನುಸರಿಸುತ್ತ ಬಂದ ಪದ್ಧತಿಯಲ್ಲಿ 85 ಸೆಂಟಿಮೀಟರಿಗಿಂತ ಕುಳ್ಳಾದ ಮಗುವಿಗೆ ಪ್ರವೇಶ ಉಚಿತ. 85ರಿಂದ 140ರವರೆಗೆ ಮಕ್ಕಳ ಟಿಕೆಟ್ಟು. ಅದರ ಮೇಲೆ ದೊಡ್ಡವರ ಟಿಕೆಟ್ಟು. ಅತಿ ವೇಗದ, ಅತಿ ಎತ್ತರದ ಆಟಗಳಿಗೂ ಸಾಮಾನ್ಯವಾಗಿ 140 ಸೆಂಟಿಮೀಟರು, ಅಂದರೆ ನಾಲ್ಕು ಅಡಿ ಏಳು ಅಂಗುಲದ ಗಡಿಯಿರುತ್ತದೆ. ಈ ಗಡಿ ಹಟಕ್ಕಾಗಿ ಇಟ್ಟದ್ದಲ್ಲ. ಆಸನದ ಪಟ್ಟಿ, ಎದೆಯ ಮೇಲಿನ ಅಡ್ಡಗಂಬಗಳು ಒಂದು ಅಳತೆಯ ದೇಹಕ್ಕೆ ಹೊಂದುವಂತೆ ಮಾಡಿರುತ್ತವೆ; ಅದಕ್ಕಿಂತ ಚಿಕ್ಕ ಮೈ ನುಣುಚಿ ಹೋಗಬಹುದು. ಅಲ್ಲಿಯ ಸಿಬ್ಬಂದಿಯ ಸಂಗಡ ವಾದಿಸುವ ತಂದೆ ತನ್ನ ಮಗುವಿನ ಅಪಾಯಕ್ಕಾಗಿಯೇ ವಾದಿಸುತ್ತಿರುತ್ತಾನೆ.

ಆದುದರಿಂದ ಹೊರಡುವ ಮುನ್ನ ಮನೆಯ ಗೋಡೆಗೆ ಮಕ್ಕಳನ್ನು ಒರಗಿಸಿ, ಬರಿಗಾಲಲ್ಲಿ ನಿಲ್ಲಿಸಿ, ಸೀಸದ ಕಡ್ಡಿಯಿಂದ ಒಂದು ಗೆರೆ ಎಳೆಯಬೇಕು. ಮಗಳು 138 ಸೆಂಟಿಮೀಟರಿದ್ದರೆ ಆ ಸುದ್ದಿಯನ್ನು ಆಕೆಗೆ ಮನೆಯಲ್ಲಿಯೇ ಹೇಳುವುದು ಒಳಿತು. ಮನೆಯಲ್ಲಿ ಕೇಳಿದ ನಿರಾಶೆ ಒಂದು ರಾತ್ರಿಯಲ್ಲಿ ಕರಗುತ್ತದೆ. ಸಾಲಿನಲ್ಲಿ ಒಂದು ತಾಸು ನಿಂತು, ಎಲ್ಲರ ಎದುರು ಕಂಡ ನಿರಾಶೆ ದಿನವನ್ನೇ ನುಂಗುತ್ತದೆ. ಇನ್ನಾರು ತಿಂಗಳಲ್ಲಿ ಆಕೆ ಗೆರೆಯನ್ನು ದಾಟುವಳೆಂದಾದರೆ ಪ್ರವಾಸವನ್ನೇ ಅಷ್ಟು ಕಾಲ ತಡೆಯಬಹುದಲ್ಲವೆ?

ಹೃದಯದ ದೋಷ, ರಕ್ತದ ಒತ್ತಡ, ಬೆನ್ನುನೋವು ಇರುವವರೂ, ಬಸುರಿಯರೂ ರಭಸದ ಆಟಗಳಿಂದ ದೂರವಿರಬೇಕು. ತಂದೆಗೂ ಈ ಮಾತು ಸಲ್ಲುತ್ತದೆ. ಮಕ್ಕಳ ಮುಂದೆ ಅಂಜುಬುರುಕನೆನಿಸಬಾರದೆಂದು ಏರಿ ಕುಳಿತವರು ಎಷ್ಟೋ ಜನ.

ಸೀರೆ, ಬಂಗಾರ, ಬುತ್ತಿ

ನೀರಾಟಗಳಲ್ಲಿ ನೈಲಾನ್ ಅಥವಾ ಪಾಲಿಯೆಸ್ಟರಿನ ಈಜುಡುಪೇ ಬೇಕೆಂಬುದು ಇಂಥ ಉದ್ಯಾನಗಳ ಸಾಮಾನ್ಯ ನಿಯಮ. ನೂಲಿನ ಬಟ್ಟೆ ನೀರು ಕುಡಿದು ಭಾರವಾಗುತ್ತದೆ, ಎಳೆ ಬಿಟ್ಟು ನೀರನ್ನು ಶುದ್ಧಗೊಳಿಸುವ ಯಂತ್ರಕ್ಕೆ ಸಿಕ್ಕಿಕೊಳ್ಳುತ್ತದೆ. ಸೀರೆಯ ಸೆರಗು, ದುಪಟ್ಟಾ, ಸಡಿಲವಾದ ಪೈಜಾಮ ಜಾರುವ ಕೊಳವೆಗಳಲ್ಲಿ ಅಪಾಯಕರ. ಉದ್ಯಾನದ ಅಂಗಡಿಯಲ್ಲಿ ಉಡುಪು ದೊರೆಯುತ್ತದೆ, ಬೆಲೆ ಮಾತ್ರ ಅಲ್ಲಿಯದು. ಕಲಬುರಗಿಯ ಪೇಟೆಯಲ್ಲಿಯೇ ಮೊದಲು ಕೊಂಡರೆ ಹಣವೂ ಉಳಿಯಿತು, ಸಂಕೋಚವೂ ಕಳೆಯಿತು.

ಸಂಕೋಚವೆಂದದ್ದು ಸುಮ್ಮನೆ ಅಲ್ಲ. ನೀರಿಗಿಳಿಯಲು ಆಸೆಯಿದ್ದೂ ಉಡುಪಿಗೆ ನಾಚಿ ಬೆಂಚಿನ ಮೇಲೆ ಕುಳಿತುಬಿಡುವ ಗೃಹಿಣಿಯರೇ ಹೆಚ್ಚು. ಮೊಣಕೈ, ಮೊಣಕಾಲು ಮುಚ್ಚುವ ಈಜುಡುಪುಗಳು ಈಗ ಸುಲಭವಾಗಿ ಸಿಗುತ್ತವೆ. ಅದನ್ನು ಕೊಳ್ಳಲು ಗಂಡನೇ ಮೊದಲು ಮಾತೆತ್ತಿದರೆ, ಅತ್ತೆ ಅದಕ್ಕೆ ಹೂಂ ಎಂದರೆ, ಅರ್ಧ ಸಮಸ್ಯೆ ಬಗೆಹರಿದಂತೆ. ಬಂಗಾರವನ್ನು ಮನೆಯಲ್ಲಿ ಭದ್ರವಾಗಿಡುವುದು ಒಳಿತು. ಬೆಂಡೋಲೆ, ಸರಗಳು ನೀರಿನ ರಭಸಕ್ಕೆ ಕಳಚಿದರೆ ಹುಡುಕಲಾಗದು. ಕನ್ನಡಕಕ್ಕೆ ಹಿಂದಿನಿಂದ ಕಟ್ಟುವ ದಾರವೊಂದಿರಲಿ.

ಬುತ್ತಿಯ ವಿಷಯ ಹೇಳುವುದಾದರೆ, ಹೊರಗಿನ ಆಹಾರವನ್ನು ಇಂಥ ಉದ್ಯಾನಗಳು ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ. ಔಷಧ ಮತ್ತು ಕೂಸಿನ ಆಹಾರದ ಬಗ್ಗೆ ಮೊದಲೇ ವಿಚಾರಿಸಬೇಕು. ಹಾಗೆಂದು ರೊಟ್ಟಿ ಬಡಿಯುವುದನ್ನು ನಿಲ್ಲಿಸಬೇಕಾಗಿಲ್ಲ. ಕಡಕ್ ರೊಟ್ಟಿ, ಶೇಂಗಾದ ಹಿಂಡಿ, ಶೇಂಗಾ ಹೋಳಿಗೆಗಳು ಹೋಗುವ ದಿನದ ರೈಲಿಗೆ, ರಾತ್ರಿಯ ಊಟಕ್ಕೆ, ಮರಳುವ ದಾರಿಗೆ ಆಗುತ್ತವೆ. ಉದ್ಯಾನದ ದಿನ ಬೆಳಗ್ಗೆ ಹೊಟ್ಟೆತುಂಬ ತಿಂದು ಒಳಗೆ ಹೋದರೆ ಒಂದೇ ಊಟವನ್ನು ಅಲ್ಲಿ ಕೊಂಡರೆ ಸಾಕು. ಉಂಡ ಕೂಡಲೆ ತಿರುಗುವ ಆಟಕ್ಕೆ ಏರಬಾರದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಒಳಗೆ ಹೋದ ಮೇಲೆ

ಡಿಸ್ನಿಲ್ಯಾಂಡಿನ ಮೊದಲ ದಿನವೇ ಒಂದು ಪಾಠ. ಖೋಟಾ ಟಿಕೆಟ್ಟುಗಳಿಂದ ನಿರೀಕ್ಷೆ ಮೀರಿ ಜನ ನುಗ್ಗಿದರು; ಬಿಸಿಲಿಗೆ ಹೊಸ ಡಾಂಬರು ಮೆತ್ತಗಾಗಿ ಹೆಂಗಸರ ಎತ್ತರದ ಹಿಮ್ಮಡಿಯ ಪಾದರಕ್ಷೆಗಳು ಹೂತುಕೊಂಡವು; ಕುಡಿಯುವ ನೀರಿನ ನಲ್ಲಿಗಳು ಸಾಲದೆ ಜನ ಬಳಲಿದರು. ಜನಸಂದಣಿ, ಬಿಸಿಲು, ನೀರು, ಈ ಮೂರನ್ನು ಗೆದ್ದವನೇ ಇಂದಿಗೂ ಉದ್ಯಾನವನ್ನು ಗೆದ್ದಂತೆ.

ಬಾಗಿಲು ತೆರೆಯುವ ಹೊತ್ತಿಗೇ ಮುಟ್ಟಿದರೆ ಮೊದಲ ಎರಡು ತಾಸುಗಳಲ್ಲಿ ಹೆಸರಾಂತ ಆಟಗಳು ಮುಗಿಯುತ್ತವೆ. ಮಧ್ಯಾಹ್ನದಲ್ಲಿ ಅದೇ ಆಟಗಳ ಸಾಲು ಬೆಳೆದಿರುತ್ತದೆ. ಒಣ ಆಟಗಳು ಮೊದಲು, ಬಿಸಿಲೇರಿದ ಮೇಲೆ ನೀರಾಟ, ಇಳಿಹೊತ್ತಿಗೆ ಮೈ ಒರಸಿಕೊಂಡು ಸೌಮ್ಯವಾದ ಆಟಗಳು, ಇದು ಅನುಕೂಲವಾದ ಕ್ರಮ. ಕಡೆಯ ಪಾಲಿನ ಆಟಗಳಲ್ಲಿ ಅಜ್ಜಿಗೂ ಜಾಗವುಂಟು. ನಿಧಾನವಾಗಿ ತಿರುಗುವ ದೊಡ್ಡ ಚಕ್ರದಲ್ಲಿ ಮೊಮ್ಮಗನ ಪಕ್ಕ ಕುಳಿತುಕೊಳ್ಳಲು, ಜಾತ್ರೆಯ ತೊಟ್ಟಿಲಿನಲ್ಲಿ ಕುಳಿತು ಬೆಳೆದವಳಿಗೆ ಅಂಜಿಕೆಯೇನು?

ಮಕ್ಕಳ ಜೇಬಿನಲ್ಲಿ ತಂದೆತಾಯಿಯರ ಫೋನಿನ ಸಂಖ್ಯೆಯ ಚೀಟಿ ಇರಬೇಕು. ನೀರಿಗಿಳಿಯುವಾಗ ಮುಂಗೈ ಮೇಲೆ ಅಳಿಸದ ಶಾಯಿಯಲ್ಲಿ ಬರೆಯಬಹುದು. ತಪ್ಪಿಸಿಕೊಂಡರೆ ಬಂದು ನಿಲ್ಲತಕ್ಕ ಸ್ಥಳವನ್ನು ಒಳಗೆ ಕಾಲಿಟ್ಟ ಕೂಡಲೆ ತೋರಿಸಬೇಕು. ಅಲೆಯ ಕೊಳದಲ್ಲಿ ಚಿಕ್ಕ ಮಗುವಿನಿಂದ ಒಂದು ತೋಳಿನ ಅಳತೆಗಿಂತ ದೂರ ಹೋಗಕೂಡದು. ಜೀವರಕ್ಷಕನು ಇದ್ದಾನೆಂಬುದು ತಂದೆ ಮೊಬೈಲು ನೋಡುತ್ತ ನಿಲ್ಲಲು ಕಾರಣವಾಗಲಾರದು.

ಇನ್ನು ಚೀಲಗಳ ಪ್ರಶ್ನೆ. ಬಾಡಿಗೆಯ ಕಪಾಟುಗಳು ಉದ್ಯಾನದಲ್ಲಿ ದೊರೆಯುತ್ತವೆ. ಐವರ ಟಿಕೆಟ್ಟಿನ ಮುಂದೆ ಅದರ ಬಾಡಿಗೆ ಏನೂ ಅಲ್ಲ. ಆದರೂ ಆ ಹಣವನ್ನು ಉಳಿಸಲು ಒಬ್ಬಾಕೆಯ ಇಡೀ ದಿನವನ್ನು ಖರ್ಚು ಮಾಡುವ ಮನೆಗಳುಂಟು. ಕೈಯಲ್ಲಿ ಉಳಿಯುವ ಒಂದೆರಡು ಸಾಮಾನುಗಳಿಗೆ ಪಾಳಿ ಹಾಕಿಕೊಳ್ಳಬೇಕು: ಒಂದು ತಾಸು ತಂದೆ, ಒಂದು ತಾಸು ತಾಯಿ, ಅರ್ಧ ತಾಸು ಮಗಳು. ಈ ಪಾಳಿಯನ್ನು ಮನೆಯಲ್ಲಿಯೇ ಕಾಗದದ ಮೇಲೆ ಬರೆದಿಡುವುದು ಲೇಸು. ಅಲ್ಲಿ ಹೋದ ಮೇಲೆ ನೋಡೋಣವೆಂದರೆ ಚೀಲ ಎಲ್ಲಿಗೆ ಹೋಗಿ ಸೇರುವುದೆಂಬುದು ಎಲ್ಲರಿಗೂ ತಿಳಿದದ್ದೇ.

ಇಷ್ಟಾಗಿಯೂ ಈ ವರ್ಷ ಕೈ ಬಿಗಿಯಾಗಿದ್ದರೆ ಮಕ್ಕಳ ಬಾಲ್ಯವೇನೂ ಬರಿದಾಗದು. ಶರಣಬಸವೇಶ್ವರರ ಜಾತ್ರೆಯ ತೊಟ್ಟಿಲುಗಳು ಕಲಬುರಗಿಯಲ್ಲಿ ತಿರುಗುತ್ತಲೇ ಇರುತ್ತವೆ. ಅಲ್ಲಿಯೂ ಇದೇ ವಿಚಾರ, ಇದೇ ಪಾಳಿ ಸಲ್ಲುತ್ತದೆ. ಹೋದದ್ದು ಎಲ್ಲಿಗೇ ಆಗಲಿ, ಮರಳಿದ ಮರುದಿನ ಒದ್ದೆ ಬಟ್ಟೆಗಳನ್ನು ಒಣಹಾಕುವಾಗ ನೆರೆಮನೆಯಾಕೆ ಗೋಡೆಯಾಚೆಯಿಂದ ಕೇಳುತ್ತಾಳೆ: “ವೈನಿ, ಹುಡುಗರು ಆಡಿದ್ದು ಆತು, ನೀವೇನು ಆಡಿ ಬಂದ್ರಿ?” ಆ ಪ್ರಶ್ನೆಗೆ ಮನೆಯೊಡತಿಯ ಬಳಿ ಒಂದೆರಡು ಆಟಗಳ ಹೆಸರಾದರೂ ಇದ್ದರೆ ಖರ್ಚಾದ ಹಣ ಸಾರ್ಥಕ.